ದನದ ಡಾಕ್ಟ್ರ ಸಹಿಗೆ ಕಾವಲು ಯಾರು? ಪಶುವೈದ್ಯ ಪರಿಷತ್ತಿನ ಅಧ್ಯಕ್ಷರಿಗೆ ಇರಬೇಕಾದ ಅರ್ಹತೆ ಏನು?

2022ರಲ್ಲಿ ಚರ್ಮಗಂಟು ರೋಗ ಕರ್ನಾಟಕದ ಕೊಟ್ಟಿಗೆಗಳಿಗೆ ನುಗ್ಗಿದಾಗ ರಾಜ್ಯ ಸರ್ಕಾರ ಪರಿಹಾರ ಘೋಷಿಸಿತು. ಸತ್ತ ಹಸುವಿಗೆ 20 ಸಾವಿರ ರೂಪಾಯಿ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ. ಕೇಳೋಕೆ ಸರಳವಾಗಿದೆ. ಆದರೆ ಹಸು ಸತ್ತಿದ್ದು ಚರ್ಮಗಂಟಿನಿಂದಲೇ, ಹಾವು ಕಚ್ಚಿಯೋ ಹೊಟ್ಟೆ ಉಬ್ಬರಿಸಿಯೋ ಅಲ್ಲ ಅಂತ ಹೇಳೋರು ಯಾರು? ಊರಿನ ದನದ ಡಾಕ್ಟ್ರು. ಅವರು ಬಂದು ನೋಡಿ, ಕಾಗದದ ಮೇಲೆ ಸಹಿ ಹಾಕಿದರೆ ದುಡ್ಡು. ಇಲ್ಲವಾದರೆ ಇಲ್ಲ.

ವಿಮೆಯ ಕತೆಯೂ ಇದೇ. ಹಸು ಸತ್ತರೆ ಕಿವಿಯೋಲೆ ಬೇಕು, ಮರಣೋತ್ತರ ಪರೀಕ್ಷೆಯ ವರದಿ ಬೇಕು, ವರದಿಯ ಕೆಳಗೆ ನೋಂದಾಯಿತ ಪಶುವೈದ್ಯರ ಸಹಿ ಬೇಕು. ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಮಕ್ಕಳ ಸ್ಕೂಲ್ ಫೀಸು ಕಟ್ಟುವ ಮನೆಗೆ ಒಂದು ಹಸು ಸಾಯೋದು ಅಂದ್ರೆ ಆದಾಯದ ಅರ್ಧ ಹೋದಂತೆ. ಆ ಹೊತ್ತಿನಲ್ಲಿ ಆ ಸಹಿಯ ಬೆಲೆ ಎಷ್ಟು ಅಂತ ಲೆಕ್ಕ ಹಾಕಿ.

ಆ ಸಹಿ ಹಾಕುವ ಹಕ್ಕನ್ನು ಪಶುವೈದ್ಯರಿಗೆ ಕೊಡೋದು ಯಾರು? ಸಹಿ ಮಾರಾಟಕ್ಕೆ ಇಟ್ಟವರಿಂದ ಆ ಹಕ್ಕನ್ನು ಕಿತ್ಕೊಳ್ಳೋದು ಯಾರು? ಬಹಳ ಜನ ಪಶುಪಾಲನಾ ಇಲಾಖೆ ಅಂದ್ಕೊಂಡಿದ್ದಾರೆ. ಇಲಾಖೆ ಸಂಬಳ ಕೊಡುತ್ತೆ, ವರ್ಗಾವಣೆ ಮಾಡುತ್ತೆ, ಬೇಕಿದ್ದರೆ ಅಮಾನತು ಮಾಡುತ್ತೆ. ಆದರೆ ‘ಪಶುವೈದ್ಯ’ ಎಂಬ ಪರವಾನಗಿ ಇಲಾಖೆಯ ಕೈಯಲ್ಲಿಲ್ಲ. ಅದು ಇರೋದು ರಾಜ್ಯ ಪಶುವೈದ್ಯ ಪರಿಷತ್ತಿನ ಕೈಯಲ್ಲಿ. ವೈದ್ಯರಿಗೆ ಮೆಡಿಕಲ್ ಕೌನ್ಸಿಲ್ ಇದ್ದ ಹಾಗೆ, ವಕೀಲರಿಗೆ ಬಾರ್ ಕೌನ್ಸಿಲ್ ಇದ್ದ ಹಾಗೆ, ಪಶುವೈದ್ಯರಿಗೆ ಇದು. ಮೆಡಿಕಲ್ ಕೌನ್ಸಿಲ್ ಸುದ್ದಿಯಾಗುತ್ತೆ, ಬಾರ್ ಕೌನ್ಸಿಲ್ ಚುನಾವಣೆಗೆ ಫ್ಲೆಕ್ಸ್ ಬೀಳುತ್ತೆ. ಪಶುವೈದ್ಯ ಪರಿಷತ್ತಿನ ಅಧ್ಯಕ್ಷರು ಯಾರು ಅಂತ ಕೇಳಿದರೆ ಹಾಲು ಹಾಕುವವರಿಗೂ ಗೊತ್ತಿರಲ್ಲ, ನಾಯಿ ಸಾಕುವವರಿಗೂ ಗೊತ್ತಿರಲ್ಲ.

ಆ ಕುರ್ಚಿಯ ಮೇಲೆ ಕೂರೋಕೆ ಏನು ಅರ್ಹತೆ ಇರಬೇಕು ಅಂತ ಕೇಳೋರೂ ಕಡಿಮೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಕಾನೂನು ಕೊಟ್ಟಿರುವ ಬಲ

ಎಲ್ಲಕ್ಕೂ ಮೂಲ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ. ಕೇಂದ್ರದಲ್ಲಿ ಒಂದು ಪರಿಷತ್ತು, ಪ್ರತಿ ರಾಜ್ಯದಲ್ಲಿ ಒಂದೊಂದು ಪರಿಷತ್ತು. ಐದೂವರೆ ವರ್ಷದ ಬಿವಿಎಸ್ಸಿ ಪದವಿಯಲ್ಲಿ ಏನು ಕಲಿಸಬೇಕು, ಯಾವ ಕಾಲೇಜಿಗೆ ಮಾನ್ಯತೆ ಕೊಡಬೇಕು ಅನ್ನೋದು ಕೇಂದ್ರದ ಕೆಲಸ. ಹೆಸರು ನೋಂದಾಯಿಸೋದು, ಐದು ವರ್ಷಕ್ಕೊಮ್ಮೆ ನವೀಕರಿಸೋದು, ದೂರು ಬಂದರೆ ವಿಚಾರಣೆ ಮಾಡೋದು, ತಪ್ಪು ಸಾಬೀತಾದರೆ ಹೆಸರು ಹೊಡೆದುಹಾಕೋದು ರಾಜ್ಯ ಪರಿಷತ್ತಿನ ಕೆಲಸ.

ಕಾಯ್ದೆಯ 30ನೇ ಸೆಕ್ಷನ್ ಇದರ ಬೆನ್ನೆಲುಬು. ನೋಂದಣಿ ಇಲ್ಲದವರು ಸರ್ಕಾರಿ ಸಂಸ್ಥೆಯಲ್ಲಿ ಪಶುವೈದ್ಯರ ಹುದ್ದೆ ಹಿಡಿಯುವಂತಿಲ್ಲ, ಪಶುವೈದ್ಯ ವೃತ್ತಿ ಮಾಡುವಂತಿಲ್ಲ, ಪ್ರಾಣಿಗಳ ಆರೋಗ್ಯ ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ, ಕೋರ್ಟಿನಲ್ಲಿ ಪಶುವೈದ್ಯ ತಜ್ಞರಾಗಿ ಸಾಕ್ಷಿ ಹೇಳುವಂತಿಲ್ಲ. ಒಂದೇ ಒಂದು ವಿನಾಯಿತಿ ಇದೆ. ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಪಡೆದ ಪಶು ಸಹಾಯಕರು, ರಾಜ್ಯ ಸರ್ಕಾರ ಅನುಮತಿ ಕೊಟ್ಟರೆ, ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ‘ಸಣ್ಣಪುಟ್ಟ ಸೇವೆ’ ಕೊಡಬಹುದು. ಲಸಿಕೆ ಹಾಕೋದು, ಬೀಜ ಒಡೆಯೋದು, ಗಾಯಕ್ಕೆ ಪಟ್ಟಿ ಕಟ್ಟೋದು, ಈ ಥರದ್ದು. ಇನ್ನೇನೇನು ಸೇರಿಸಬಹುದು ಅನ್ನೋದನ್ನ ಸರ್ಕಾರ ಅಧಿಸೂಚನೆ ಹೊರಡಿಸಿ ಹೇಳಬಹುದು.

ಇಲ್ಲೇ ಇರೋದು ಜಗಳದ ಬೀಜ. ಹಳ್ಳಿಯಲ್ಲಿ ರಾತ್ರಿ ಹನ್ನೊಂದಕ್ಕೆ ಹಸು ಈಯೋಕೆ ಒದ್ದಾಡುತ್ತಿದ್ದರೆ ಫೋನ್ ಎತ್ತೋದು ಎಷ್ಟೋ ಸಲ ಪದವಿ ಇರುವ ಡಾಕ್ಟ್ರಲ್ಲ. ಪಕ್ಕದೂರಿನ ಇನ್ಸ್‌ಪೆಕ್ಟರೋ, ಇಂಜೆಕ್ಷನ್ ಕೊಡುವ ಕೃತಕ ಗರ್ಭಧಾರಣೆಯ ಹುಡುಗನೋ ಎತ್ತುತ್ತಾನೆ. ಐದು ಸಾವಿರ ಜಾನುವಾರು ಘಟಕಕ್ಕೆ ಒಬ್ಬ ಪಶುವೈದ್ಯರಾದರೂ ಇರಬೇಕು ಅಂತ ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. 2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 84 ಲಕ್ಷ ದನಗಳಿವೆ, ಒಂದು ಕೋಟಿಗೂ ಹೆಚ್ಚು ಕುರಿಗಳಿವೆ, ಎಮ್ಮೆ, ಮೇಕೆ ಬೇರೆ. ಪದವೀಧರರು ಎಲ್ಲೆಡೆ ಸಾಲುವುದಿಲ್ಲ. ಹಾಗಾಗಿ ಸಹಾಯಕರಿಗೆ ಎಷ್ಟು ಬಿಡಬೇಕು, ಎಲ್ಲಿ ತಡೀಬೇಕು ಅನ್ನೋದು ಪ್ರತಿ ರಾಜ್ಯದಲ್ಲೂ ಸುಡುವ ಪ್ರಶ್ನೆ. ಈ ಗೆರೆಯ ಬಗ್ಗೆ ಪರಿಷತ್ತು ಏನು ಹೇಳುತ್ತೆ, ಹೇಗೆ ಹೇಳುತ್ತೆ ಅನ್ನೋದು ಅದರ ತಲೆಯಾಗಿ ಕೂತವರ ಮನಸ್ಸಿನ ಮೇಲೆ ನಿಂತಿದೆ.

ಕುರ್ಚಿಗಳ ಲೆಕ್ಕ

ರಾಜ್ಯ ಪರಿಷತ್ತಿನಲ್ಲಿ ಯಾರ್ಯಾರಿರಬೇಕು ಅಂತ ಕಾಯ್ದೆಯೇ ಹೇಳಿದೆ. ನೋಂದಾಯಿತ ಪಶುವೈದ್ಯರು ತಮ್ಮೊಳಗಿಂದ ಆರಿಸಿ ಕಳಿಸುವ ನಾಲ್ವರು. ರಾಜ್ಯ ಸರ್ಕಾರ ನಾಮಕರಣ ಮಾಡುವ ಮೂವರು. ಪಶುಪಾಲನಾ ಇಲಾಖೆಯ ನಿರ್ದೇಶಕರು, ಪದನಿಮಿತ್ತ. ರಾಜ್ಯದ ಪಶುವೈದ್ಯ ಶಿಕ್ಷಣ ಸಂಸ್ಥೆಗಳ ಮುಖ್ಯಸ್ಥರು, ಅವರೂ ಪದನಿಮಿತ್ತ. ರಾಜ್ಯ ಪಶುವೈದ್ಯ ಸಂಘ ಕಳಿಸುವ ಒಬ್ಬರು. ಕೊನೆಗೆ ಪರಿಷತ್ತಿನ ರಿಜಿಸ್ಟ್ರಾರ್.

ಅಧ್ಯಕ್ಷರು? ಈ ಸದಸ್ಯರೇ ತಮ್ಮೊಳಗೆ ಒಬ್ಬರನ್ನ ಆರಿಸಿಕೊಳ್ಳಬೇಕು. ಅಷ್ಟೇ. ಇಷ್ಟು ವರ್ಷ ವೃತ್ತಿ ಮಾಡಿರಬೇಕು, ವಿಚಾರಣೆ ನಡೆಸಿದ ಅನುಭವ ಇರಬೇಕು, ಔಷಧ ಕಂಪನಿಯ ಜೊತೆ ವ್ಯವಹಾರ ಇರಬಾರದು, ಇಂಥ ಯಾವ ಷರತ್ತೂ ಅಧ್ಯಕ್ಷ ಪದವಿಗೆ ಅಂತ ಪ್ರತ್ಯೇಕವಾಗಿ ಇಲ್ಲ. ಸದಸ್ಯರಾಗಿದ್ದೀರಿ, ಬಹುಮತ ಬಂತು, ಅಧ್ಯಕ್ಷರಾದಿರಿ.

ಮತದ ಲೆಕ್ಕ ಹಾಕಿ ನೋಡಿ. ಚುನಾಯಿತರು ನಾಲ್ವರು. ಸರ್ಕಾರ ನಾಮಕರಣ ಮಾಡಿದ ಮೂವರು ಮತ್ತು ನಿರ್ದೇಶಕರು ಸೇರಿದರೆ ಅಲ್ಲೂ ನಾಲ್ವರು. ತಕ್ಕಡಿ ಯಾವ ಕಡೆ ವಾಲಬೇಕು ಅಂತ ತೀರ್ಮಾನಿಸೋರು ಉಳಿದವರು, ಅಂದರೆ ವಿಶ್ವವಿದ್ಯಾಲಯದವರು, ಸಂಘದವರು, ರಿಜಿಸ್ಟ್ರಾರ್. ಇಡೀ ರಾಜ್ಯದ ಪಶುವೈದ್ಯರು ಮತ ಹಾಕಿ ಕಳಿಸಿದ ನಾಲ್ವರೂ ಒಂದೇ ಕಡೆ ನಿಂತರೂ ಅವರಷ್ಟಕ್ಕೇ ಅಧ್ಯಕ್ಷರನ್ನ ಮಾಡೋಕಾಗಲ್ಲ. ಇದು ಸ್ವಯಂ ಆಡಳಿತದ ಸಂಸ್ಥೆ ಅಂತ ಕರೆಸಿಕೊಳ್ಳುತ್ತೆ. ಬಾಗಿಲ ಬೀಗದ ಒಂದು ಕೀ ವಿಧಾನಸೌಧದಲ್ಲೂ ಇದೆ ಅನ್ನೋದನ್ನ ಮರೀಬಾರದು.

ಇನ್ನೊಂದು ಗಮನಿಸಿ. ಈ ಪಟ್ಟಿಯಲ್ಲಿ ಹಸು ಸಾಕುವವರು ಎಲ್ಲಿದ್ದಾರೆ? ಕುರಿ ಮೇಯಿಸುವವರು? ಸಹಾಯಕರು? ಅವರಿಗೆ ಅಂತ ಕಾಯ್ದೆ ಒಂದು ಕುರ್ಚಿಯನ್ನೂ ಎತ್ತಿಟ್ಟಿಲ್ಲ.

ಸಾಹೇಬರ ಎದುರು ಸಾಹೇಬರು

ಈಗ ನಿಜವಾದ ತೊಡಕಿಗೆ ಬರೋಣ. ಪಶುವೈದ್ಯರಿಗೆ ದೊಡ್ಡ ಉದ್ಯೋಗದಾತ ಅಂದ್ರೆ ಸರ್ಕಾರವೇ. ಹಾಗಾಗಿ ಚುನಾವಣೆಯಲ್ಲಿ ಮತ ಹಾಕುವವರಲ್ಲಿ, ನಿಲ್ಲುವವರಲ್ಲಿ ಇಲಾಖೆಯವರ ಪಾಲು ಸಹಜವಾಗಿಯೇ ದೊಡ್ಡದು. ಅದರಲ್ಲಿ ತಪ್ಪೇನಿಲ್ಲ. ಅವರೂ ನೋಂದಾಯಿತ ವೈದ್ಯರೇ. ಆದರೆ ಒಬ್ಬ ಸಹಾಯಕ ನಿರ್ದೇಶಕರು ಚುನಾವಣೆಯಲ್ಲಿ ಗೆದ್ದು ಪರಿಷತ್ತಿನ ಅಧ್ಯಕ್ಷರಾದರು ಅಂತಿಟ್ಟುಕೊಳ್ಳಿ. ಅದೇ ಮೇಜಿನ ಸುತ್ತ ಅವರ ಇಲಾಖೆಯ ನಿರ್ದೇಶಕರೂ ಸದಸ್ಯರಾಗಿ ಕೂತಿದ್ದಾರೆ. ಬೆಳಗ್ಗೆ ಹನ್ನೊಂದಕ್ಕೆ ಅಧ್ಯಕ್ಷರು ನಿರ್ದೇಶಕರಿಗೆ ‘ನಿಮ್ಮ ಮಾತು ಸಾಕು, ಕೂತ್ಕೊಳ್ಳಿ’ ಅನ್ನಬೇಕು. ಮಧ್ಯಾಹ್ನ ಮೂರಕ್ಕೆ ಅದೇ ನಿರ್ದೇಶಕರ ಕಚೇರಿಯಲ್ಲಿ ತಮ್ಮ ವರ್ಗಾವಣೆಯ ಫೈಲು ಎಲ್ಲಿಗೆ ಬಂತು ಅಂತ ವಿಚಾರಿಸಬೇಕು. ಎಷ್ಟು ಧೈರ್ಯವಂತರಾದರೂ ಮನುಷ್ಯರೇ ತಾನೇ?

ಉಲ್ಟಾ ನೋಡಿ. ನಿರ್ದೇಶಕರೂ ಸದಸ್ಯರೇ ಆಗಿರೋದರಿಂದ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿಕೊಂಡರೆ ಇನ್ನೂ ವಿಚಿತ್ರ. ರೈತರೊಬ್ಬರು ತಾಲ್ಲೂಕಿನ ಸರ್ಕಾರಿ ಪಶುವೈದ್ಯರ ಮೇಲೆ ದೂರು ಕೊಡುತ್ತಾರೆ: ಹಣ ಕೊಡಲಿಲ್ಲ ಅಂತ ಮರಣೋತ್ತರ ವರದಿ ಬರೆದುಕೊಡಲಿಲ್ಲ ಅಂತ. ಆ ವೈದ್ಯರ ಕೆಲಸಕ್ಕೆ ಹೊಣೆ ಹೊತ್ತವರು, ಅವರನ್ನ ಅಲ್ಲಿಗೆ ನೇಮಿಸಿದವರು, ಆ ತಾಲ್ಲೂಕಿನಲ್ಲಿ ಹುದ್ದೆ ಖಾಲಿ ಬಿಟ್ಟು ಒಬ್ಬರಿಗೇ ಮೂರು ಆಸ್ಪತ್ರೆ ವಹಿಸಿದವರು, ದೂರಿನ ತೀರ್ಪು ಕೊಡುವವರು, ಎಲ್ಲ ಒಬ್ಬರೇ. ನಾನು ಓದಿದ್ದು ಎಂಜಿನಿಯರಿಂಗು. ಅಲ್ಲಿ ಯಂತ್ರ ನಡೆಸುವ ಸರ್ಕ್ಯೂಟನ್ನೂ ಯಂತ್ರ ಕೆಟ್ಟಾಗ ನಿಲ್ಲಿಸುವ ಸುರಕ್ಷತಾ ಸರ್ಕ್ಯೂಟನ್ನೂ ಒಂದೇ ವೈರಿನಲ್ಲಿ ಎಳೆಯಬಾರದು ಅಂತ ಹೇಳಿಕೊಡುತ್ತಾರೆ. ಒಂದು ಸುಟ್ಟರೆ ಎರಡೂ ಹೋಗುತ್ತೆ. ನಮ್ಮ ಪರಿಷತ್ತುಗಳ ವೈರಿಂಗ್ ಇರೋದು ಹಾಗೇ.

ಹಾಗಾಗಿ ಅಧ್ಯಕ್ಷರ ಅರ್ಹತೆ ಅಂತ ಯಾರಾದರೂ ಬರೆಯೋಕೆ ಕೂತರೆ ನನ್ನ ಪ್ರಕಾರ ಮೊದಲ ಸಾಲು ಡಿಗ್ರಿ ಅಲ್ಲ, ಅನುಭವವೂ ಅಲ್ಲ. ಅಧ್ಯಕ್ಷರಾಗಿರುವಷ್ಟು ಕಾಲ ಇಲಾಖೆಯ ಅಧೀನದಲ್ಲಿ ಇರಬಾರದು, ಇಲಾಖೆಯನ್ನು ನಡೆಸುತ್ತಲೂ ಇರಬಾರದು. ಉಳಿದದ್ದೆಲ್ಲ ಆಮೇಲೆ.

‘ಹಾಗಾದ್ರೆ ನಿವೃತ್ತರನ್ನ ತಂದು ಕೂರಿಸೋಣ’ ಅನ್ನೋದು ಸುಲಭದ ಉತ್ತರ. ಅದರಲ್ಲೂ ಒಂದು ಕೊಕ್ಕೆ ಇದೆ. ಮೂವತ್ತೈದು ವರ್ಷ ಇಲಾಖೆಯಲ್ಲಿದ್ದವರ ಕಣ್ಣಿಗೆ ಖಾಸಗಿ ಪಶುವೈದ್ಯ, ಪೆಟ್ ಕ್ಲಿನಿಕ್ ನಡೆಸುವ ಹುಡುಗಿ, ಕೋಳಿ ಫಾರಂ ಕನ್ಸಲ್ಟಂಟ್ ಇವರೆಲ್ಲ ಹೊರಗಿನವರಂತೆ ಕಾಣಬಹುದು. ಬೆಂಗಳೂರಿನ ಪಶುವೈದ್ಯ ವೃತ್ತಿ ಇವತ್ತು ಹೆಬ್ಬಾಳದ ಕಾಲೇಜು ಶುರುವಾದ 1958ರ ಕಾಲದ ವೃತ್ತಿ ಅಲ್ಲ. ನಾಯಿಗೆ ಸ್ಕ್ಯಾನಿಂಗ್, ಬೆಕ್ಕಿಗೆ ಡಯಾಲಿಸಿಸ್, ಲಕ್ಷದ ಬಿಲ್ಲು. ಅಲ್ಲಿಂದ ಬರುವ ದೂರಿನ ಸ್ವರೂಪವೇ ಬೇರೆ: ಒಪ್ಪಿಗೆ ಪತ್ರ ತಗೊಂಡಿರಲಿಲ್ಲ, ಅರಿವಳಿಕೆ ಕೊಡುವಾಗ ನಿಗಾ ಇರಲಿಲ್ಲ, ದಾಖಲೆ ಕೊಡಲಿಲ್ಲ. ಬೀದರಿನ ಎಮ್ಮೆ ಸಾಕುವವರ ದೂರೂ ಕೋರಮಂಗಲದ ನಾಯಿ ಸಾಕುವವರ ದೂರೂ ಒಂದೇ ಮೇಜಿಗೆ ಬರಬೇಕು. ಎರಡರ ಭಾಷೆಯೂ ಅರ್ಥವಾಗುವವರು ಬೇಕು.

ಮನುಷ್ಯರ ಡಾಕ್ಟ್ರ ವಿಷಯದಲ್ಲಿ ಏನಾಯ್ತು

ಇದೇ ಪ್ರಶ್ನೆಗೆ ದೇಶ ಒಂದು ಸಲ ಉತ್ತರ ಹುಡುಕಿದೆ. ಹಳೆಯ ಭಾರತೀಯ ವೈದ್ಯಕೀಯ ಪರಿಷತ್ತೂ ಚುನಾಯಿತ ಸಂಸ್ಥೆಯೇ ಆಗಿತ್ತು. 2010ರಲ್ಲಿ ಅದರ ಅಂದಿನ ಅಧ್ಯಕ್ಷರನ್ನೇ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತು. ಪರಿಷತ್ತನ್ನು ಬರ್ಖಾಸ್ತು ಮಾಡಿ ಆಡಳಿತ ಮಂಡಳಿ ತಂದರು. ವರ್ಷಗಳ ಎಳೆದಾಟದ ನಂತರ 2019ರ ಕಾಯ್ದೆ ಬಂತು, 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಸ್ತಿತ್ವಕ್ಕೆ ಬಂತು.

ಆ ಕಾಯ್ದೆಯಲ್ಲಿ ಅಧ್ಯಕ್ಷರ ಅರ್ಹತೆ ಸ್ಪಷ್ಟವಾಗಿದೆ. ವೈದ್ಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ, ಕನಿಷ್ಠ 20 ವರ್ಷದ ಅನುಭವ, ಅದರಲ್ಲಿ ಕನಿಷ್ಠ 10 ವರ್ಷ ವೈದ್ಯ ಶಿಕ್ಷಣದ ಕ್ಷೇತ್ರದಲ್ಲಿ ಮುಂದಾಳಾಗಿದ್ದಿರಬೇಕು. ಆಡಳಿತ ಸಾಮರ್ಥ್ಯ, ಪ್ರಾಮಾಣಿಕತೆ ಸಾಬೀತಾಗಿರಬೇಕು. ಶೋಧನಾ ಸಮಿತಿ ಹೆಸರು ಸೂಚಿಸುತ್ತೆ. ನಾಲ್ಕು ವರ್ಷ ಮೀರುವಂತಿಲ್ಲ, ಮತ್ತೆ ನೇಮಕ ಇಲ್ಲ, 70 ತುಂಬಿದರೆ ಮನೆಗೆ. ಬರುವಾಗ, ಹೋಗುವಾಗ ಆಸ್ತಿ ಘೋಷಿಸಬೇಕು. ವೃತ್ತಿ ಮತ್ತು ವ್ಯಾಪಾರದ ನಂಟುಗಳನ್ನೂ ಹೇಳಬೇಕು, ಅದು ಆಯೋಗದ ವೆಬ್‌ಸೈಟಿನಲ್ಲಿ ಬರಬೇಕು.

ದಂತ ವೈದ್ಯರಿಗೆ, ದಾದಿಯರಿಗೆ 2023ರಲ್ಲಿ ಇದೇ ಮಾದರಿಯ ಹೊಸ ಆಯೋಗದ ಕಾಯ್ದೆಗಳು ಬಂದವು. ಹೋಮಿಯೋಪಥಿಗೆ, ಆಯುರ್ವೇದ ಸೇರಿದ ಭಾರತೀಯ ಪದ್ಧತಿಗಳಿಗೆ 2020ರಲ್ಲೇ ಬಂದಿದ್ದವು. ಪಶುವೈದ್ಯರು ಮಾತ್ರ 1984ರಲ್ಲೇ ನಿಂತಿದ್ದಾರೆ.

ಅಂದ್ರೆ ಅದನ್ನೇ ಇಲ್ಲಿಗೆ ಕಾಪಿ ಪೇಸ್ಟ್ ಮಾಡಿದರೆ ಆಯ್ತಾ? ನನಗೆ ಹಾಗನ್ನಿಸಲ್ಲ. ಮೊದಲನೆಯದಾಗಿ, ಚುನಾವಣೆ ತೆಗೆದು ನೇಮಕಾತಿ ತಂದರೆ ಭ್ರಷ್ಟಾಚಾರ ಹೋಗುತ್ತೆ ಅನ್ನೋದು ಭ್ರಮೆ. 2025ರಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳ ತಪಾಸಣೆಯಲ್ಲಿ ಲಂಚದ ಆರೋಪದ ಮೇಲೆ ಸಿಬಿಐ ಪ್ರಕರಣ ದಾಖಲಿಸಿದ್ದು ಈ ಹೊಸ ವ್ಯವಸ್ಥೆಯ ಕಾಲದಲ್ಲೇ. ಎರಡನೆಯದು ಇನ್ನೂ ಮುಖ್ಯ. ಹತ್ತು ವರ್ಷ ಶಿಕ್ಷಣ ಕ್ಷೇತ್ರದ ಮುಂದಾಳು ಅಂದ್ರೆ ಯಾರು? ಡೀನ್, ನಿರ್ದೇಶಕ, ಕುಲಪತಿ. ರಾಷ್ಟ್ರಮಟ್ಟದಲ್ಲಿ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗೆ ಅದು ಸರಿ ಇರಬಹುದು. ರಾಜ್ಯ ಪಶುವೈದ್ಯ ಪರಿಷತ್ತಿನ ಮುಖ್ಯ ಕೆಲಸ ಕಾಲೇಜು ಅಲ್ಲ. ಅದರ ಕೆಲಸ ಪುಸ್ತಕ ಮತ್ತು ದೂರು. ನೋಂದಣಿ ಪುಸ್ತಕ ಸರಿಯಾಗಿಡಬೇಕು, ದೂರು ಬಂದರೆ ನ್ಯಾಯವಾಗಿ ತೀರಿಸಬೇಕು. ಒಬ್ಬ ಒಳ್ಳೆಯ ಪ್ರೊಫೆಸರ್ ಇವೆರಡನ್ನೂ ಚೆನ್ನಾಗಿ ಮಾಡುತ್ತಾರೆ ಅನ್ನೋಕೆ ಗ್ಯಾರಂಟಿ ಏನೂ ಇಲ್ಲ.

ಪುಸ್ತಕ ಮತ್ತು ದೂರು

ಪುಸ್ತಕದ ವಿಷಯ ಬೇಜಾರಿನದ್ದು ಅನ್ನಿಸಬಹುದು. ಆದರೆ ಪುಸ್ತಕವೇ ಮತದಾರರ ಪಟ್ಟಿ. ತೀರಿಕೊಂಡವರ ಹೆಸರು, ಬೇರೆ ರಾಜ್ಯಕ್ಕೆ ಹೋದವರ ಹೆಸರು, ಕೆನಡಾದಲ್ಲಿ ನೆಲೆಸಿದವರ ಹೆಸರು ಹಾಗೇ ಉಳಿದರೆ ನಾಲ್ವರ ಚುನಾವಣೆಯ ಅಡಿಪಾಯವೇ ಜೊಳ್ಳು. ಪುಸ್ತಕ ಸಾರ್ವಜನಿಕರ ಕೈಗೆ ಸಿಗುವಂತಿದ್ದರೆ ರೈತರೊಬ್ಬರು ಫೋನಿನಲ್ಲಿ ನೋಂದಣಿ ಸಂಖ್ಯೆ ಹಾಕಿ ‘ಈ ಮನುಷ್ಯ ನಿಜವಾಗಲೂ ಡಾಕ್ಟ್ರಾ’ ಅಂತ ನೋಡಬಹುದು. ನಕಲಿ ವೈದ್ಯರ ವಿರುದ್ಧ ಹೇಳಿಕೆ ಕೊಡೋದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತೆ. ಇದನ್ನು ನಡೆಸೋದು ರಿಜಿಸ್ಟ್ರಾರ್. ನಡೆಸುವಂತೆ ಮಾಡೋದು ಅಧ್ಯಕ್ಷರು. ಒಂದು ಸಾಧಾರಣ ಕಚೇರಿಯನ್ನಾದರೂ ನೆಟ್ಟಗೆ ನಡೆಸಿದ ದಾಖಲೆ ಇರೋರು ಬೇಕು ಅನ್ನೋದು ಇದಕ್ಕೇ.

ದೂರಿನ ವಿಚಾರಣೆ ಬೇರೆಯದೇ ಕೌಶಲ. ಅದು ಅರೆ ನ್ಯಾಯಿಕ ಕೆಲಸ. ಎದುರು ಪಕ್ಷಕ್ಕೆ ನೋಟಿಸ್ ಕೊಡಬೇಕು, ಮಾತಾಡೋಕೆ ಅವಕಾಶ ಕೊಡಬೇಕು, ಸಾಕ್ಷ್ಯ ನೋಡಬೇಕು, ಕೊನೆಗೆ ಯಾಕೆ ಹೀಗೆ ತೀರ್ಮಾನಿಸಿದೆವು ಅಂತ ಕಾರಣ ಬರೆಯಬೇಕು. ಕಾರಣ ಬರೆಯದ ಆದೇಶ ಹೈಕೋರ್ಟಿನಲ್ಲಿ ನಿಲ್ಲೋದು ಕಷ್ಟ. ಆಗ ತಪ್ಪು ಮಾಡಿದವರೂ ಗೆದ್ದು ಬರುತ್ತಾರೆ, ತಪ್ಪು ಮಾಡದೆ ಸಿಕ್ಕಿಬಿದ್ದವರೂ ವರ್ಷಗಟ್ಟಲೆ ಅಲೆಯುತ್ತಾರೆ. ಪಶುವೈದ್ಯರಿಗೂ ಇದು ಸಣ್ಣ ವಿಷಯವಲ್ಲ. ಹೆಸರು ಹೊಡೆದರೆ ಐದೂವರೆ ವರ್ಷದ ಓದು, ಕೆಲಸ, ಮರ್ಯಾದೆ ಎಲ್ಲವೂ ಒಂದೇ ಗೆರೆಯಲ್ಲಿ ಹೋಯ್ತು. ಹಸು ಸಾಯೋಕೆ ನೂರು ಕಾರಣ ಇರುತ್ತೆ, ಮಾಲೀಕರು ಕೊನೇ ಗಳಿಗೆಯಲ್ಲಿ ಕರೆದಿರ್ತಾರೆ, ಬೈಗುಳ ಮಾತ್ರ ಡಾಕ್ಟ್ರಿಗೆ. ಅವರಿಗೂ ನ್ಯಾಯವಾಗಿ ಕೇಳುವವರು ಬೇಕು.

ಪರಿಷತ್ತು ಪರಿಹಾರ ಕೊಡಿಸೋಕಾಗಲ್ಲ. ಅದಕ್ಕೇ ನಗರದ ಪ್ರಾಣಿ ಮಾಲೀಕರು ಗ್ರಾಹಕರ ಆಯೋಗದ ಬಾಗಿಲು ತಟ್ಟುತ್ತಾರೆ. ಹಳ್ಳಿಯವರು ಎಲ್ಲಿಗೂ ಹೋಗಲ್ಲ. ಹೋದರೂ ಶಾಸಕರ ಮನೆಗೆ. ಪರಿಷತ್ತಿಗೆ ದೂರು ಬರೋದು ಕಡಿಮೆ ಅಂದ್ರೆ ವೃತ್ತಿ ಶುದ್ಧವಾಗಿದೆ ಅಂತಲ್ಲ, ಪರಿಷತ್ತು ಅಂತ ಒಂದಿದೆ ಅಂತ ಯಾರಿಗೂ ಗೊತ್ತಿಲ್ಲ ಅಂತ. ಕನ್ನಡದಲ್ಲಿ ಒಂದು ಪುಟದ ದೂರಿನ ನಮೂನೆ ಮಾಡಿ ಪ್ರತಿ ಪಶು ಆಸ್ಪತ್ರೆಯ ಗೋಡೆಗೆ ಅಂಟಿಸೋಕೆ ಮನಸ್ಸಿರುವ ಅಧ್ಯಕ್ಷರು ಬೇಕು. ಅಂಥವರಿಗೆ ಚುನಾವಣೆಯಲ್ಲಿ ಮತ ಕಡಿಮೆ ಬೀಳಬಹುದು ಅನ್ನೋದು ಈ ವ್ಯವಸ್ಥೆಯ ತಮಾಷೆ. ಯಾಕಂದ್ರೆ ಮತ ಹಾಕುವವರು ದೂರಿಗೆ ಗುರಿಯಾಗುವವರೇ.

ಹೊರಗಡೆ ಹೇಗಿದೆ

ಈ ತಮಾಷೆ ನಮ್ಮೊಬ್ಬರದ್ದಲ್ಲ. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಪಶುವೈದ್ಯ ಪರವಾನಗಿ ಮಂಡಳಿ ಇದೆ, ದಂತ ವೈದ್ಯರಿಗೆ ಬೇರೆ ಮಂಡಳಿ ಇದೆ. ನಾರ್ತ್ ಕ್ಯಾರೊಲೈನಾದ ದಂತ ಮಂಡಳಿಯಲ್ಲಿ ಎಂಟು ಸದಸ್ಯರು, ಅದರಲ್ಲಿ ಆರು ಜನ ವೃತ್ತಿ ಮಾಡುತ್ತಿದ್ದ ದಂತ ವೈದ್ಯರು. ಮಾಲ್‌ಗಳಲ್ಲಿ ಕಡಿಮೆ ದುಡ್ಡಿಗೆ ಹಲ್ಲು ಬೆಳ್ಳಗೆ ಮಾಡುತ್ತಿದ್ದವರಿಗೆ ಈ ಮಂಡಳಿ ‘ನಿಲ್ಲಿಸಿ’ ಅಂತ ಪತ್ರ ಕಳಿಸಿತು. ವ್ಯಾಪಾರ ಸ್ಪರ್ಧೆಯ ಮೇಲೆ ಕಣ್ಣಿಡುವ ಕೇಂದ್ರ ಸಂಸ್ಥೆ ಎಫ್‌ಟಿಸಿ ಅಡ್ಡ ಬಂತು. 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–3ರ ಬಹುಮತದಲ್ಲಿ ಹೇಳಿತು: ಮಾರುಕಟ್ಟೆಯಲ್ಲಿ ತಾವೇ ವ್ಯಾಪಾರ ಮಾಡುವವರು ಮಂಡಳಿಯನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದರೆ, ಸರ್ಕಾರದ ಸಕ್ರಿಯ ಮೇಲ್ವಿಚಾರಣೆ ಇಲ್ಲದಿದ್ದರೆ, ‘ನಾವು ಸರ್ಕಾರಿ ಸಂಸ್ಥೆ’ ಎಂಬ ರಕ್ಷಣೆ ಸಿಗಲ್ಲ. ಆ ತೀರ್ಪಿನ ಬಿಸಿ ಪಶುವೈದ್ಯ ಮಂಡಳಿಗಳೂ ಸೇರಿದಂತೆ ಎಲ್ಲ ಪರವಾನಗಿ ಮಂಡಳಿಗಳಿಗೂ ತಟ್ಟುವಂಥದ್ದು. ಕ್ಯಾಲಿಫೋರ್ನಿಯಾದ ಪಶುವೈದ್ಯ ಮಂಡಳಿಯಲ್ಲಿ ವೈದ್ಯರಲ್ಲದ ಸಾರ್ವಜನಿಕ ಸದಸ್ಯರಿದ್ದಾರೆ, ನೋಂದಾಯಿತ ಪಶುವೈದ್ಯ ತಂತ್ರಜ್ಞರಿಗೂ ಒಂದು ಸ್ಥಾನ ಇದೆ.

ನಮ್ಮ 30ನೇ ಸೆಕ್ಷನ್ನಿನ ‘ಸಣ್ಣಪುಟ್ಟ ಸೇವೆ’ ಜಗಳಕ್ಕೆ ಇದನ್ನ ಹೊಂದಿಸಿ ನೋಡಿ. ಹಲ್ಲು ಬೆಳ್ಳಗೆ ಮಾಡೋದಕ್ಕೂ ಹಸುವಿನ ಗರ್ಭಕೋಶಕ್ಕೆ ಕೈ ಹಾಕೋದಕ್ಕೂ ಅಜಗಜಾಂತರ, ಒಪ್ಪುತ್ತೀನಿ. ಸಹಾಯಕರ ಕೈಯಲ್ಲಿ ಆಂಟಿಬಯೋಟಿಕ್ ಸಿಕ್ಕಾಪಟ್ಟೆ ಬಳಕೆಯಾಗೋದು ನಿಜವಾದ ಅಪಾಯ. ನೋವಿನ ಔಷಧ ಡೈಕ್ಲೊಫೆನಾಕ್ ದನಗಳಿಗೆ ಕೊಟ್ಟು, ಸತ್ತ ದನ ತಿಂದ ರಣಹದ್ದುಗಳು ದೇಶದಲ್ಲೇ ಅಳಿವಿನಂಚಿಗೆ ಬಂದ ಮೇಲೆ 2006ರಲ್ಲಿ ಅದರ ಪಶುಬಳಕೆ ನಿಷೇಧವಾಯ್ತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಹದ್ದುಗಳನ್ನ ಕೇಳಿದರೆ ಗೊತ್ತಾಗುತ್ತೆ, ಒಂದು ಇಂಜೆಕ್ಷನ್ ಎಲ್ಲಿವರೆಗೆ ಹೋಗಿ ಮುಟ್ಟುತ್ತೆ ಅಂತ. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡೋದನ್ನ 2019ರಲ್ಲಿ ನಿಷೇಧಿಸಿದರು. ಗೆರೆ ಬೇಕೇ ಬೇಕು. ಆದರೆ ಅಪಾಯದ ಕಾರಣಕ್ಕೆ ಎಳೆದ ಗೆರೆ ಯಾವುದು, ಕಸುಬಿನವರ ಆದಾಯ ಕಾಯೋಕೆ ಎಳೆದ ಗೆರೆ ಯಾವುದು ಅಂತ ಬೇರ್ಪಡಿಸಿ ನೋಡುವ ಅಧ್ಯಕ್ಷರು ಬೇಕು. ಆ ಮೇಜಿನಲ್ಲಿ ಸಹಾಯಕರ ಪರ ಮಾತಾಡುವ ಒಬ್ಬರೂ ಇಲ್ಲದಿದ್ದಾಗ ಈ ಗುಣ ಇನ್ನೂ ಜಾಸ್ತಿ ಬೇಕು.

ಬ್ರಿಟನ್ನಿನ ದಾರಿ ನನಗೆ ಹೆಚ್ಚು ಇಷ್ಟ. ಅಲ್ಲಿನ ಪಶುವೈದ್ಯರ ರಾಯಲ್ ಕಾಲೇಜು ನಡೆಯೋದು 1966ರ ಕಾಯ್ದೆಯ ಮೇಲೆ, ನಮ್ಮದಕ್ಕಿಂತ ಹಳೆಯದು. ಇಡೀ ಕಾಯ್ದೆ ಬದಲಿಸೋ ತನಕ ಕಾಯದೆ ತುಂಡು ತುಂಡಾಗಿ ರಿಪೇರಿ ಮಾಡಿದರು. 2013ರಲ್ಲಿ ಮೊದಲು ಶಿಸ್ತು ಸಮಿತಿಯನ್ನು ಆಡಳಿತ ಮಂಡಳಿಯಿಂದ ಬೇರ್ಪಡಿಸಿದರು. ನಿಯಮ ಮಾಡುವವರು ಬೇರೆ, ತೀರ್ಪು ಕೊಡುವವರು ಬೇರೆ. 2018ರಲ್ಲಿ 42 ಜನರ ಮಂಡಳಿಯನ್ನು 24ಕ್ಕೆ ಇಳಿಸಿದರು. ಅದರಲ್ಲಿ ಆರು ಜನ ವೃತ್ತಿಗೆ ಹೊರಗಿನವರು, ಇಬ್ಬರು ಪಶುವೈದ್ಯ ದಾದಿಯರು. ಚುನಾಯಿತ ಪಶುವೈದ್ಯರ ಬಹುಮತ ಹಾಗೇ ಉಳಿಯಿತು. ಅಂದ್ರೆ ಮನೆಯವರನ್ನ ಹೊರಗೆ ಹಾಕಲಿಲ್ಲ, ಕಿಟಕಿ ತೆಗೆದರು ಅಷ್ಟೇ.

ಶಿಸ್ತಿನ ಕೆಲಸ ಬೇರೆಯಾದರೆ ಅಧ್ಯಕ್ಷರ ಅರ್ಹತೆಯ ಪ್ರಶ್ನೆಯೇ ಹಗುರಾಗುತ್ತೆ. ಒಬ್ಬರೇ ಪಶುವೈದ್ಯರೂ ನ್ಯಾಯಾಧೀಶರೂ ಆಡಳಿತಗಾರರೂ ಆಗಿರಬೇಕು ಅಂತ ಹುಡುಕುವ ಕಷ್ಟ ತಪ್ಪುತ್ತೆ.

ಪಶುವೈದ್ಯರಲ್ಲದವರು ಅಧ್ಯಕ್ಷರಾಗಬಹುದಾ?

ಐಎಎಸ್ ಅಧಿಕಾರಿಯನ್ನೋ ನಿವೃತ್ತ ನ್ಯಾಯಾಧೀಶರನ್ನೋ ಕೂರಿಸಿದರೆ ಪಕ್ಷಪಾತ ಇರಲ್ಲ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಕೆಚ್ಚಲು ಬಾವಿಗೆ ಮೂರು ದಿನ ಚಿಕಿತ್ಸೆ ಕೊಟ್ಟ ಮೇಲೂ ಹಸು ಸತ್ತರೆ ಅದು ನಿರ್ಲಕ್ಷ್ಯವೋ ದುರದೃಷ್ಟವೋ ಅಂತ ತೂಗೋಕೆ ಕೊಟ್ಟಿಗೆಯಲ್ಲಿ ಕೈ ಕೊಳೆ ಮಾಡಿಕೊಂಡವರೇ ಬೇಕು. ಪಶುವೈದ್ಯರೇ ಇರಲಿ, ಆದರೆ ಅವರ ಮುಂದೆ ತೆರೆದಿಟ್ಟ ಷರತ್ತುಗಳಿರಲಿ. ಸ್ವಂತ ವೃತ್ತಿ ಮಾಡಿದ ಅನುಭವ, ಊರಿನ ಮತ್ತು ನಗರದ ಎರಡೂ ಲೋಕದ ಪರಿಚಯ, ಬಾಕಿ ಉಳಿದ ದೂರಿಲ್ಲದ ಹೆಸರು. ಔಷಧ ಕಂಪನಿ, ಖಾಸಗಿ ಕಾಲೇಜು, ಆಸ್ಪತ್ರೆ ಸರಪಳಿ ಇವುಗಳ ಜೊತೆಗಿನ ಹಣದ ನಂಟಿನ ಘೋಷಣೆ. ಅಧ್ಯಕ್ಷರಾದ ಮೇಲೆ ವೃತ್ತಿ ಸಂಘದ ಪದಾಧಿಕಾರ ಬಿಡಬೇಕು. ಸಂಘ ವೈದ್ಯರ ಹಿತ ಕಾಯೋಕೆ ಇರೋದು, ಪರಿಷತ್ತು ಹಸುವಿನ ಮತ್ತು ಹಸುವಿನವರ ಹಿತ ಕಾಯೋಕೆ ಇರೋದು. ಎರಡು ಟೋಪಿ ಒಂದೇ ತಲೆಗೆ ಕೂರಲ್ಲ.

ಬೆಂಗಳೂರು ಒಂದೇ ಮಾಡೋಕಾಗುತ್ತಾ?

ಇಲ್ಲಿ ಒಂದು ಕಾನೂನಿನ ಗಂಟಿದೆ. ಪಶುವೈದ್ಯ ವೃತ್ತಿ ಸಂವಿಧಾನದ ಪ್ರಕಾರ ರಾಜ್ಯ ಪಟ್ಟಿಯ ವಿಷಯ. ಹಾಗಾಗಿ 1984ರಲ್ಲಿ ಸಂಸತ್ತು ನೇರವಾಗಿ ಕಾನೂನು ಮಾಡುವ ಹಾಗಿರಲಿಲ್ಲ. ಹರಿಯಾಣ, ಬಿಹಾರ, ಒಡಿಶಾದಂಥ ಕೆಲವು ರಾಜ್ಯಗಳು ‘ನೀವೇ ಮಾಡಿಕೊಡಿ’ ಅಂತ ನಿರ್ಣಯ ಮಾಡಿ ಕೇಳಿದ ಮೇಲೆ 252ನೇ ವಿಧಿಯಡಿ ಕಾಯ್ದೆ ಬಂತು. ಉಳಿದವು ಆಮೇಲೆ ಒಪ್ಪಿಕೊಂಡವು. 252ನೇ ವಿಧಿಯ ಷರತ್ತು ಏನಂದ್ರೆ, ಒಮ್ಮೆ ಹೀಗೆ ಒಪ್ಪಿಕೊಂಡ ಮೇಲೆ ರಾಜ್ಯ ವಿಧಾನಮಂಡಲ ಅದನ್ನ ತಿದ್ದುವಂತಿಲ್ಲ. ಸಂಸತ್ತೇ ತಿದ್ದಬೇಕು, ಅದೂ ರಾಜ್ಯಗಳು ಮತ್ತೆ ಕೇಳಿಕೊಂಡ ಮೇಲೆ. ತಮ್ಮದೇ ವಿಷಯವನ್ನ ರಾಜ್ಯಗಳು ಕೈಯಾರೆ ಕೊಟ್ಟು ಬೀಗ ಹಾಕಿಸಿಕೊಂಡಿವೆ. ಅಧ್ಯಕ್ಷರ ಅರ್ಹತೆಯ ಸೆಕ್ಷನ್ ಒಂದನ್ನ ಕರ್ನಾಟಕ ವಿಧಾನಸಭೆ ತಾನೇ ಸೇರಿಸೋಕೆ ಆಗಲ್ಲ ಅನ್ನೋದು ಇದಕ್ಕೇ.

ಆದರೆ ಕೈ ಕಟ್ಟಿ ಕೂರಬೇಕಾಗಿಲ್ಲ. ನಾಮಕರಣದ ಮೂರು ಸ್ಥಾನಗಳು ರಾಜ್ಯ ಸರ್ಕಾರದ ಕೈಯಲ್ಲೇ ಇವೆ. ಯಾವ ಮಾನದಂಡದ ಮೇಲೆ ಹೆಸರು ಆರಿಸಿದೆವು ಅಂತ ಮೊದಲೇ ಪ್ರಕಟಿಸೋಕೆ ದೆಹಲಿಯ ಅಪ್ಪಣೆ ಬೇಡ. ಮೂವರಲ್ಲಿ ಒಬ್ಬರಾದರೂ ಇಲಾಖೆಯಲ್ಲಿ ಎಂದೂ ಕೆಲಸ ಮಾಡದವರು, ಒಬ್ಬರಾದರೂ ಸಣ್ಣ ಹಿಡುವಳಿಯ ಹೈನುಗಾರ ಹೆಂಗಸರ ನಡುವೆ ಕೆಲಸ ಮಾಡಿದವರು ಇರುವಂತೆ ನೋಡಿಕೊಳ್ಳಬಹುದು. ಪರಿಷತ್ತೂ ಕೂಡ ತನ್ನ ಸಭೆಯಲ್ಲೇ ಒಂದು ನಿರ್ಣಯ ಮಾಡಬಹುದು: ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರು ತಮ್ಮ ಹಿತಾಸಕ್ತಿಗಳನ್ನ ಒಂದು ಪುಟದಲ್ಲಿ ಬರೆದುಕೊಡಲಿ, ತಮ್ಮ ಇಲಾಖೆಯವರ ಮೇಲಿನ ದೂರು ಬಂದಾಗ ಅಧ್ಯಕ್ಷರು ಎದ್ದು ಹೊರಗೆ ಹೋಗಲಿ, ವರ್ಷಕ್ಕೆ ಎಷ್ಟು ದೂರು ಬಂತು, ಎಷ್ಟು ತೀರಿತು, ಎಷ್ಟು ಹೆಸರು ಹೊಡೆದೆವು ಅಂತ ಕನ್ನಡದಲ್ಲಿ ಹಾಕಲಿ. ಇದಕ್ಕೆ ಕಾಯ್ದೆ ತಿದ್ದುಪಡಿ ಬೇಕಿಲ್ಲ, ಬಜೆಟ್ಟೂ ಬೇಕಿಲ್ಲ. ಮುಂದಿನ ಸಲ ಪರಿಷತ್ತಿನ ಚುನಾವಣಾ ಅಧಿಸೂಚನೆ ಹೊರಟಾಗ ನಾಲ್ಕು ಸ್ಥಾನಕ್ಕೆ ನಿಲ್ಲುವವರ ಹತ್ತಿರ ಪಶುವೈದ್ಯ ಮತದಾರರು ಇಷ್ಟನ್ನ ಕೇಳಬಹುದು. ಡೇರಿ ಸಂಘದವರು ತಮ್ಮ ಶಾಸಕರ ಹತ್ತಿರ ಆ ಮೂರು ಹೆಸರಿನ ಬಗ್ಗೆ ಕೇಳಬಹುದು.